ಬೆಳೆಯುವುದಕ್ಕೆಂದು ಓದುವ ಕಾದಂಬರಿಗಳು

ವ್ಯಕ್ತಿತ್ವ ವಿಕಸನಕ್ಕೆ ಯಾವ ಪುಸ್ತಕ ಓದಲಿ ಎಂದು ಕೇಳುವ ಕಿರಿಯ ಸ್ನೇಹಿತರಿಗೆ ನಾನು ಈಗೀಗ ನಮ್ಮ ಹಳೆಯ ಕಾದಂಬರಿಗಳನ್ನೇ ಸೂಚಿಸುತ್ತಿದ್ದೇನೆ. ಆರಿಸುವಾಗ ಪ್ರಶಸ್ತಿಗಳ ಪಟ್ಟಿ ನೋಡುವುದಕ್ಕಿಂತ, ಯಾರ ಕಷ್ಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲವೋ ಅವರ ಕಥೆಯಿಂದ ಆರಂಭಿಸುವುದು ಮೇಲು ಎಂಬುದು ನನ್ನ ನಂಬಿಕೆ. ಹಾಗಾಗಿ ಮೊದಲಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ (1933). ಗಾತ್ರದಲ್ಲಿ ಚಿಕ್ಕದಾದರೂ, ಎತ್ತುಗಳಿದ್ದೂ ಹುಟ್ಟಿದ ಜಾತಿಯ ಕಾರಣಕ್ಕೆ ಉಳಲು ತುಂಡು ಗದ್ದೆ ಸಿಗದ ಚೋಮನ ಸಂಕಟ, ಭೂಮಿಯೆಂದರೆ ಬರೀ ಆಸ್ತಿಯೆಂದು ತಿಳಿದಿರುವ ನಮ್ಮಂಥವರನ್ನು ಬಹಳ ದಿನ ಕಾಡುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನಿಧಾನದ ಓದನ್ನು ಬೇಡುವ ಕೃತಿ. ಪಾತ್ರಗಳ ಸಂಖ್ಯೆಗೆ ಹೆದರಿ ಅನೇಕರು ಆರಂಭದಲ್ಲೇ ಕೈಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಜೀತದಾಳು ಗುತ್ತಿಯ ಬೆನ್ನಿಗೇ ಕಾಡು ಸುತ್ತುವ ಹುಲಿಯ ಎಂಬ ನಾಯಿಗೂ ಅಲ್ಲಿ ಹೆಗ್ಗಡೆಗಳಿಗೆ ಸಲ್ಲುವಷ್ಟೇ ಗಮನ ಸಲ್ಲುತ್ತದೆ. ತುಂಬಿ ಹರಿಯುವ ತುಂಗೆಯಲ್ಲಿ ಅದು ಕೊಚ್ಚಿಹೋಗುವ ಪುಟಗಳನ್ನು ಓದುವಾಗ, ಲೆಕ್ಕಕ್ಕೇ ಇಲ್ಲವೆಂದುಕೊಂಡಿದ್ದ ಒಂದು ಜೀವಕ್ಕಾಗಿ ನಾವು ಎಷ್ಟು ಮರುಗಬಲ್ಲೆವು ಎಂಬುದು ನಮಗೇ ತಿಳಿಯುತ್ತದೆ.

ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಅರಿಯಬಯಸುವವರು ರಾವಬಹಾದ್ದೂರರ ‘ಗ್ರಾಮಾಯಣ’ವನ್ನೂ ಸೇರಿಸಿಕೊಳ್ಳಬಹುದು. ನಾನು ಸದ್ಯ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮರುಓದಿಗೆ ಎತ್ತಿಕೊಂಡಿದ್ದೇನೆ. ಮೂರು ತಲೆಮಾರುಗಳ ಆ ಕಥೆಯಲ್ಲಿ ಈ ಬಾರಿ ಗಂಡಸರಿಗಿಂತ ಹೆಚ್ಚಾಗಿ ಪಾರೋತಿ, ಸರಸೋತಿ, ನಾಗವೇಣಿಯರ ದುಡಿಮೆಯನ್ನೇ ಗಮನಿಸುತ್ತಿದ್ದೇನೆ. ಜೊತೆಗೆ ಓದುವವರಿದ್ದರೆ ತಿಳಿಸಿ, ಮಾತಾಡೋಣ.