ಗಾಡಿ ತಗ್ಗಿಸುವ ಆ 30 ಮಿಲಿಮೀಟರ್ ಎಲ್ಲಿಂದ ಬರುತ್ತದೆ?

ಸ್ಕೋಡಾ ಸೂಪರ್ಬ್, ಟೊಯೊಟಾ ಕ್ಯಾಮ್ರಿಯಂಥ ದೊಡ್ಡ ಸೆಡಾನ್‌ನ ಟಯರಿಗೂ ಫೆಂಡರಿಗೂ ನಡುವೆ ನಾಲ್ಕು ಬೆರಳು ಹೋಗುವಷ್ಟು ಸಂದು ಕಂಡರೆ ಕೆಲವರಿಗೆ ಸಮಾಧಾನವಿಲ್ಲ. ಗಿಡ್ಡ ಸ್ಪ್ರಿಂಗ್ ಹಾಕಿ ಗಾಡಿಯ ಎತ್ತರ ಇಳಿಸುವುದು ಒಂದು ದಿನದ ಕೆಲಸ. ಆದರೆ ಇಳಿಸುವ ಒಂದೊಂದು ಮಿಲಿಮೀಟರೂ ಶಾಕ್ ಅಬ್ಸಾರ್ಬರ್ ಒಳಗೆ ಹೋಗಲು ಇಟ್ಟ ಜಾಗದಿಂದಲೇ ಕಡಿತವಾಗುತ್ತದೆ. ನಿಂತ ಗಾಡಿಯಲ್ಲಿ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಹೋಗದಂತೆ ತಡೆಯುವ ರಬ್ಬರ್ ತುಂಡು) ತಾಗಲು 50 ಮಿ.ಮೀ. ಉಳಿದಿದೆ ಎಂದಿಟ್ಟುಕೊಳ್ಳಿ. 30 ಇಳಿಸಿದರೆ ಉಳಿಯುವುದು 20. ಹಿಂದೆ ಮೂವರು ಕೂತು, ಡಿಕ್ಕಿಗೆ ಒಂದು ಗೋಣಿ ಅಡಿಕೆ ಬಿದ್ದರೆ ಅದೂ ಮುಗಿಯಿತು. ಆಮೇಲೆ ಗಾಡಿ ಕೂತಿರುವುದು ಸ್ಪ್ರಿಂಗಿನ ಮೇಲಲ್ಲ, ರಬ್ಬರ್ ತುಂಡಿನ ಮೇಲೆ. ಹಾಗಾಗಿ ಕಂಪೆನಿ ಶಾಕ್ ಉಳಿಸಿಕೊಳ್ಳುವವರಿಗೆ ನನ್ನ ಮಿತಿ 30. ಅದಕ್ಕಿಂತ ಕೆಳಗೆ ಬೇಕಾದರೆ ಗಿಡ್ಡ ಶಾಕ್ ಕೂಡ ಬೇಕು.

ಹಂಪ್ ಹೆಸರು ಹೇಳಿ ಹೆದರಿಸುವವರು ಬಹಳ. ಲೆಕ್ಕ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 2.8 ಮೀಟರ್ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಗಾಡಿಯ ಹೊಟ್ಟೆಯೊಳಗೆ ಅದು ಏರುವುದು 6 ಸೆಂ.ಮೀ. ಮಾತ್ರ, ಏಕೆಂದರೆ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ತೊಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಒಳದಾರಿಗಳಲ್ಲಿ ಊರವರೇ ಕಟ್ಟಿದ ಮೊಳದಗಲದ ಹಂಪಿನದ್ದು; ಅದರ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ ಬಂದು ನಿಲ್ಲುತ್ತದೆ. ಇನ್ನೊಂದು, ರಸ್ತೆಯಿಂದ ತೋಟದ ಮನೆಗೆ ಇಳಿಯುವ ಕಾಂಕ್ರೀಟ್ ದಾರಿ. ಬಂಪರಿನ ಕೆಳತುದಿ ನೆಲದಿಂದ 180 ಮಿ.ಮೀ., ಟಯರಿನಿಂದ 900 ಮಿ.ಮೀ. ಮುಂದೆ ಇದ್ದರೆ, ತಾಗದೆ ಹತ್ತುವ ಏರು ಸುಮಾರು ಐದಕ್ಕೊಂದು, ಅಂದರೆ ಐದು ಅಡಿ ಮುಂದೆ ಹೋದರೆ ಒಂದು ಅಡಿ ಏರು. 30 ಇಳಿಸಿದ ಮೇಲೆ ಆರಕ್ಕೊಂದು. ಸ್ಪ್ರಿಂಗ್ ತರಿಸುವ ಮೊದಲು ನಿಮ್ಮ ಗೇಟಿನ ಬುಡ ಅಳೆಯಿರಿ.

ಖರೀದಿಸುವಾಗ ಮಾಡೆಲ್ ಹೆಸರು ಸಾಲದು. ಡೀಸೆಲ್ ಎಂಜಿನಿನ ಗಾಡಿಯ ಮುಂಭಾಗ ಭಾರ. ಸ್ಪ್ರಿಂಗ್ ಪಟ್ಟಿಯಲ್ಲಿ ಆಕ್ಸಲ್ ಭಾರ ಕೊಟ್ಟಿರುತ್ತಾರೆ, ಬಾಗಿಲ ಕಂಬದ ಫಲಕದೊಂದಿಗೆ ತಾಳೆ ನೋಡಿ. ಇರುವ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಇಳಿಸುತ್ತೇನೆ ಎನ್ನುವ ಗ್ಯಾರೇಜಿನಿಂದ ಹಾಗೇ ಹಿಂದೆ ಬನ್ನಿ. ಕತ್ತರಿಸಿದ ತುದಿ ಸ್ಪ್ರಿಂಗ್ ಸೀಟಿನಲ್ಲಿ (ಸ್ಪ್ರಿಂಗ್ ಕೂರುವ ತಟ್ಟೆ) ಕೂರುವುದಿಲ್ಲ, ಗ್ಯಾಸ್ ಕಟ್ಟರಿನ ಬಿಸಿಗೆ ಉಕ್ಕಿನ ಹದವೂ ಹೋಗುತ್ತದೆ.

ಕೆಲಸಕ್ಕೆ ಮೊದಲು ಸಮತಟ್ಟು ಜಾಗದಲ್ಲಿ ನಾಲ್ಕೂ ಕಡೆ ಚಕ್ರದ ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ನಮ್ಮ ಕಡಲ ಗಾಳಿಗೆ ಬೋಲ್ಟ್ ಹಿಡಿದಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮಳೆಗಾಲದ ಅಂಗಳದಲ್ಲಾದರೆ ಎತ್ತಿದ ಗಾಡಿ ಹೊರುವ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಕಡ್ಡಾಯ.

ಸೂಪರ್ಬ್‌ನ ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕೂ ಒಂದಾಗಿರುವ ಕಂಬ) ಮೇಲ್ಭಾಗ ವೈಪರಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದಡಿ ಅಡಗಿದೆ, ವೈಪರ್ ತೋಳು ಬಿಚ್ಚದೆ ಮೂರು ಬೋಲ್ಟ್ ಸಿಗುವುದಿಲ್ಲ. ಕೆಳಗೆ ಸ್ಟ್ರಟ್ ನಕಲ್‌ನ (ಚಕ್ರದ ಹಬ್ ಹೊತ್ತ ಲೋಹದ ಭಾಗ) ಸೀಳಿನೊಳಗೆ ಕೂತಿದೆ. ಸುತ್ತಿಗೆ ಬೇಡ, ಸೀಳು ಅಗಲಿಸುವ ಕೀ ಹಾಕಿ ಕಾಲು ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ) ಮೊದಲೇ ಬಿಚ್ಚಿ; ಎಬಿಎಸ್ ವಯರ್, ಬ್ರೇಕ್ ಹೋಸ್‌ಗಳನ್ನು ಸ್ಟ್ರಟ್ಟಿನ ಹಿಡಿಕೆಯಿಂದಷ್ಟೇ ಬಿಡಿಸಿ. ನಕಲ್ ನೇತಾಡದಂತೆ ತಂತಿಯಲ್ಲಿ ಕಟ್ಟಿ, ಇಲ್ಲವಾದರೆ ಆಕ್ಸಲ್ಲಿನ ಒಳ ಜಾಯಿಂಟ್ ಕಳಚೀತು.

ಅಪಾಯ ಇರುವುದು ಸ್ಟ್ರಟ್ಟಿನಿಂದ ಬಿಡಿಸಲು ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರಿನಲ್ಲಿ. ಮಿಲಿಮೀಟರಿಗೆ 30 ನ್ಯೂಟನ್ನಿನ ಸ್ಪ್ರಿಂಗನ್ನು 20 ಸೆಂ.ಮೀ. ಅದುಮಿದರೆ ಒಳಗೆ ಸೇರುವ ಶಕ್ತಿ 600 ಜೂಲ್: 20 ಕಿಲೋ ಹಲಸಿನಹಣ್ಣು ಮೂರು ಮೀಟರ್ ಎತ್ತರದಿಂದ ನೆಟ್ಟಗೆ ತಲೆಗೆ ಬಿದ್ದಷ್ಟು. ಎರಡು ಕೊಕ್ಕೆಗಳನ್ನು ಎದುರುಬದುರು ಕೂರಿಸಿ, ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು ಬಿಗಿಯಿರಿ. ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ಅಲ್ಲಾಡಿದ ಮೇಲೆಯೇ ನಡುವಿನ ನಟ್ಟಿಗೆ ಕೈ ಹಾಕುವುದು. ಶಾಫ್ಟ್ ತಿರುಗದಂತೆ ಅಲೆನ್ ಕೀ ಹಿಡಿದಿರಬೇಕು.

ಹೊಸ ಸ್ಪ್ರಿಂಗಿನ ಮೇಲಿನ ಅಕ್ಷರ ನೇರವಾಗಿ ಓದಿಸಿಕೊಳ್ಳಬೇಕು, ತಲೆಕೆಳಗಾಗಿ ಅಲ್ಲ. ತುದಿ ಕೆಳಸೀಟಿನ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಮೇಲಿನ ಬೇರಿಂಗನ್ನು ಕೈಯಲ್ಲಿ ತಿರುಗಿಸುವಾಗ ಮರಳು ಮರಳಾದರೆ ಆಗಲೇ ಬದಲಿಸಿ. ಬಂಪ್ ಸ್ಟಾಪನ್ನು ಕಿಟ್ ಹೇಳಿದಷ್ಟೇ ಕತ್ತರಿಸಿ.

ಹಿಂದೆ ಕೆಲಸ ಸುಲಭ. ಲೋವರ್ ಆರ್ಮಿನ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳತೋಳು) ಅಡಿ ಜ್ಯಾಕ್ ಕೊಟ್ಟು, ಹೊರಬದಿಯ ಬೋಲ್ಟ್ ಬಿಚ್ಚಿ, ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಹೆಚ್ಚಿನವರು ಎಡವುವುದು ಜೋಡಿಸುವಾಗ. ಆರ್ಮಿನ ಬುಷ್‌ (ಅದರ ಕೀಲಿನಲ್ಲಿರುವ ರಬ್ಬರ್ ಉಂಗುರ) ಬೇರಿಂಗಿನಂತೆ ತಿರುಗುವುದಿಲ್ಲ. ಬೋಲ್ಟ್ ಬಿಗಿದ ಕೂಡಲೇ ಅದರ ಒಳಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ತಿರುಚಿಕೊಳ್ಳುವುದು ರಬ್ಬರ್. 350 ಮಿ.ಮೀ. ಉದ್ದದ ಆರ್ಮ್ 100 ಮಿ.ಮೀ. ಜೋತಿರುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದಾಗಿನಿಂದ ರಬ್ಬರ್ 16 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಗಾಡಿ ಎಣಿಸಿದಷ್ಟು ಇಳಿಯುವುದೂ ಇಲ್ಲ, ಬುಷ್ ಬೇಗ ಹರಿಯುತ್ತದೆ. ಚಕ್ರವನ್ನು ಹೊಸ ಎತ್ತರಕ್ಕೆ ಜ್ಯಾಕಿನಿಂದ ಎತ್ತಿ, ಆಮೇಲೆ ಕೊನೆಯ ಬಿಗಿತ ಕೊಡಿ. ಎಷ್ಟು ಟಾರ್ಕ್ (ಬಿಗಿಯುವ ಬಲ) ಎಂಬುದಕ್ಕೆ ಆ ಮಾಡೆಲಿನ ಸರ್ವೀಸ್ ಮ್ಯಾನ್ಯುವಲ್ಲೇ ಪ್ರಮಾಣ. ಒಮ್ಮೆ ಮಾತ್ರ ಬಳಸಬೇಕಾದ ಬೋಲ್ಟ್‌ಗಳಿಗೆ ಹೊಸದೇ ಹಾಕಿ.

500 ಕಿ.ಮೀ. ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಎತ್ತರ ಅಳೆದು ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. ಅಲ್ಲಿವರೆಗೆ ಓಡಿಸಲು ಮೊದಲ ದಿನವೇ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಂತಿರುವ ಕೋನ) ಮಾತ್ರ ಸರಿ ಮಾಡಿಸಿಕೊಳ್ಳಿ. ಟೋ ಕೆಟ್ಟ ಗಾಡಿ ಟಯರಿನ ಒಳ ಅಂಚನ್ನು ತುರಿಮಣೆಯಲ್ಲಿ ಕಾಯಿ ತುರಿದಂತೆ ತಿನ್ನುತ್ತದೆ. ಕ್ಸೆನಾನ್ ದೀಪವಿದ್ದರೆ ದೀಪದ ಓರೆ ಹೊಂದಿಸಲು ಆರ್ಮಿಗೆ ತಗುಲಿಸಿದ ಲೆವೆಲ್ ಸೆನ್ಸರನ್ನೂ ಸ್ಕ್ಯಾನರಿನಲ್ಲಿ ಹೊಸ ಎತ್ತರಕ್ಕೆ ಹೊಂದಿಸಬೇಕು.

ಆಮೇಲೆ ಶಬ್ದ ಬಂದರೆ: ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಟಂಯ್ ಎಂದರೆ ಸ್ಪ್ರಿಂಗ್ ತುದಿ ಅಥವಾ ಮೇಲಿನ ಬೇರಿಂಗ್. ಸಣ್ಣ ಗುಂಡಿಗಳಲ್ಲಿ ಕಟಕಟ ಎಂದರೆ ಹೆಚ್ಚಾಗಿ ಲಿಂಕ್ ರಾಡಿನ ನಟ್ಟು. ದೊಡ್ಡ ಗುಂಡಿಗೆ ಧಡ್ ಎಂದರೆ ಬಂಪ್ ಸ್ಟಾಪ್, ಅಂದರೆ ಮೇಲೆ ಹೇಳಿದ 20 ಮಿ.ಮೀ. ಮುಗಿದಿದೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆಯೂ ಆಗಬಹುದು. ಸ್ಪ್ರಿಂಗ್ ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ. ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ; ಮುಂದಿನದು, ಹಿಂದಿನದು, ಎಡ, ಬಲ ಎಂದು ಬಣ್ಣದಲ್ಲಿ ಬರೆದು, ಗ್ರೀಸ್ ಸವರಿ, ರಬ್ಬರ್ ಸೀಟುಗಳ ಸಮೇತ ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಡಿ.