ಅಪ್ಪನ ಹೆಸರಿನಲ್ಲಿದ್ದ ಲೈಸೆನ್ಸುಗಳು

"ಅಪ್ಪ ಮಾಡಿದ ಹಳೆಯ ಪ್ರತಿ ಉಂಟಲ್ಲ ಮಗಳೇ, ತಾರೀಕು, ವಾರ ಬದಲಿಸಿದರೆ ಸಾಕು" ಎಂದು ಊರಿನ ದೇವಸ್ಥಾನದ ಸಮಿತಿಯ ಮಾವ ಜಾತ್ರೆಯ ಆಮಂತ್ರಣ ಪತ್ರಿಕೆಯನ್ನು ಮೇಜಿನ ಮೇಲಿಟ್ಟಾಗ, ಅದು ಅರ್ಧ ಗಂಟೆಯ ಕೆಲಸವೆಂದೇ ನಾನೂ ಭಾವಿಸಿದ್ದೆ. ಅಪ್ಪ ತೀರಿಕೊಂಡು ಇಪ್ಪತ್ತು ದಿನಗಳಾಗಿದ್ದವು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನಮ್ಮ ಡಿ.ಟಿ.ಪಿ. ಅಂಗಡಿಯ ಬಾಗಿಲನ್ನು ನಾನು ಒಬ್ಬಳೇ ತೆರೆದ ಮೊದಲ ದಿನ ಅದು. ಕಡತವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ತೆರೆದರೆ, ದೇವರ ಹೆಸರು ಇರಬೇಕಾದ ಜಾಗದಲ್ಲಿ ತಲೆಯ ಮೇಲೆ ಚುಕ್ಕೆಯನ್ನೂ ಗೀಟನ್ನೂ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಅಕ್ಷರಗಳ ಜೋಡಣೆ ಹಾಳಾಗಿರಲಿಲ್ಲ. ಅವುಗಳನ್ನು ಕನ್ನಡವಾಗಿ ತೋರಿಸುವ ಫಾಂಟು ನನ್ನಲ್ಲಿರಲಿಲ್ಲ. ಆ ಫಾಂಟು ಅಪ್ಪ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರಿಗೆ ಸೇರಿದ್ದು, ಅದರ ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು.

ಆ ಸಾಫ್ಟ್‌ವೇರಿನ ಬೀಗವನ್ನು ಅಪ್ಪ 'ಲಾಕು' ಎಂದೇ ಕರೆಯುತ್ತಿದ್ದರು. ಹಳೆಯ ಕಂಪ್ಯೂಟರಿನ ಹಿಂಬದಿಯಲ್ಲಿ, ಕ್ಯಾಬಿನೆಟ್ಟಿಗೂ ಪ್ರಿಂಟರಿನ ಕೇಬಲಿಗೂ ನಡುವೆ, ಎರಡು ಸ್ಕ್ರೂಗಳಿಂದ ಬಿಗಿದಿಟ್ಟ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು ಅದು. ಒಂದು ಬದಿಯಲ್ಲಿ 25 ಸೂಜಿಗಳು, ಇನ್ನೊಂದು ಬದಿಯಲ್ಲಿ 25 ತೂತುಗಳು. ಸೂಜಿಗಳಲ್ಲಿ ಒಂದು ಸ್ವಲ್ಪ ಓರೆಯಾಗಿರುವುದು ಈಗಲೂ ಕಾಣುತ್ತದೆ. ಅದನ್ನು ಅಪ್ಪ ಚಿಮಟದಿಂದ ನೆಟ್ಟಗೆ ಮಾಡುತ್ತಿದ್ದಾಗ ಟಾರ್ಚ್ ಹಿಡಿದು ನಿಂತವಳು ನಾನು. ಮೇಲೆ ಅಂಟಿಸಿದ ಬಿಳಿ ಪ್ಲಾಸ್ಟರಿನಲ್ಲಿ ಕೊಂಡ ತಾರೀಕು ಅವರದೇ ಅಕ್ಷರದಲ್ಲಿದೆ. ಮೇ ತಿಂಗಳ ಸಂಜೆಗಳಲ್ಲಿ ಸಿಡಿಲಿನ ಸದ್ದು ದೂರದಲ್ಲಿ ಕೇಳಿದ ಕೂಡಲೇ ಪ್ಲಗ್ಗುಗಳನ್ನೆಲ್ಲ ಕಿತ್ತು ಲಾಕನ್ನು ಬಿಚ್ಚಿ ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದರು. ಕಂಪ್ಯೂಟರ್ ಸುಟ್ಟರೆ ಇನ್ನೊಂದು ತರಬಹುದು, ಲಾಕು ಸುಟ್ಟರೆ ಇಷ್ಟು ವರ್ಷಗಳ ಕೆಲಸ ಓದಲಿಕ್ಕೆ ಬಾರದು ಎಂಬುದು ಅವರಿಗೆ ತಿಳಿದಿತ್ತು. ಆ ಹೆದರಿಕೆಯ ಅರ್ಥ ನನಗೆ ಆದದ್ದು ಮಾವ ಎದುರಿಗೆ ಕುಳಿತಿದ್ದ ಆ ದಿನ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಅಂಥ ಪೋರ್ಟೇ ಇಲ್ಲ. ಹಳೆಯ ಯಂತ್ರದಲ್ಲಿರುವ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿದೆ. ಆದರೂ ಅದನ್ನು ಚಾಲೂ ಮಾಡಿ, ಲಾಕು ಸಿಕ್ಕಿಸಿ, ಸಂಜೆಯೊಳಗೆ ಆಮಂತ್ರಣ ಪತ್ರಿಕೆಯನ್ನು ಮುಗಿಸಿಕೊಟ್ಟೆ.

ಆ ರಾತ್ರಿ ಅಪ್ಪನ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಅಂಗಡಿಯಲ್ಲಿದ್ದ ಲೈಸೆನ್ಸುಗಳನ್ನೆಲ್ಲ ಪಟ್ಟಿ ಮಾಡಿದಾಗ, ಒಂದೊಂದರ ಗುಣವೂ ಬೇರೆಯೆಂದು ಗೊತ್ತಾಯಿತು. ಲಾಕಿನದ್ದು ಕೈಯಲ್ಲಿದ್ದವರದ್ದು; ಅದು ಹೆಸರು ಕೇಳುವುದಿಲ್ಲ. ವಿಂಡೋಸ್ ಕಂಪ್ಯೂಟರಿನ ಜತೆಗೇ ಬಂದದ್ದು, ಕ್ಯಾಬಿನೆಟ್ಟಿನ ಬದಿಗೆ ಅಂಟಿಸಿದ ಚೀಟಿಯೇ ಅದರ ಪುರಾವೆ. ಆ ಯಂತ್ರ ಎಲ್ಲಿಗೆ ಹೋದರೂ ಅದೂ ಅಲ್ಲಿಗೇ ಹೋಗುತ್ತದೆ, ಬೇರೆ ಯಂತ್ರಕ್ಕೆ ಬರುವುದಿಲ್ಲ. ಮೂರನೆಯದು ಮೂರು ವರ್ಷಗಳ ಹಿಂದೆ ನನ್ನದೇ ಒತ್ತಾಯಕ್ಕೆ ಅಪ್ಪ ತೆಗೆದುಕೊಂಡಿದ್ದ, ವರ್ಷಕ್ಕೊಮ್ಮೆ ಚಂದಾ ಕಟ್ಟುವ ಪುಟವಿನ್ಯಾಸದ ಸಾಫ್ಟ್‌ವೇರು. ಅದಕ್ಕೆ ಡಬ್ಬಿಯಿಲ್ಲ, ಸಿ.ಡಿ. ಇಲ್ಲ, ಲಾಕಿಲ್ಲ. ಅಪ್ಪನ ಇಮೇಲ್, ಅಪ್ಪನ ಮೊಬೈಲಿಗೆ ಬರುವ ಓಟಿಪಿ, ಅಪ್ಪನ ಬ್ಯಾಂಕಿನಿಂದ ತನ್ನಷ್ಟಕ್ಕೆ ಕಡಿತವಾಗುವ ಹಣ, ಇಷ್ಟೇ ಅದರ ಅಸ್ತಿತ್ವ.

ಕಷ್ಟ ಬಂದದ್ದು ಈ ಮೂರನೆಯದರಲ್ಲಿ. ಪ್ರಾಮಾಣಿಕವಾಗಿ ಮಾಡೋಣವೆಂದು ಪಂಚಾಯತಿನಿಂದ ಸಿಕ್ಕಿದ ಮರಣ ಪ್ರಮಾಣಪತ್ರವನ್ನು ಲಗತ್ತಿಸಿ, ಇದನ್ನು ಅಮ್ಮನ ಹೆಸರಿಗೋ ನನ್ನ ಹೆಸರಿಗೋ ಬದಲಿಸಿಕೊಡಬೇಕು, ಚಂದಾ ನಾವೇ ಕಟ್ಟುತ್ತೇವೆ ಎಂದು ಕಂಪನಿಗೆ ಬರೆದೆ. ಅವರು ವಾರಸುದಾರರ ಪ್ರಮಾಣಪತ್ರವನ್ನು ಕೇಳಿದರು. ಅದು ಸುಲಭದ್ದಲ್ಲ. ಅರ್ಜಿ ಕೊಟ್ಟ ಮೇಲೆ ವಿಲ್ಲೇಜ್ ಆಫೀಸಿನವರು ವಿಚಾರಿಸಬೇಕು, ಆಕ್ಷೇಪಣೆ ಕರೆದು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಆ ಅವಧಿ ಕಳೆದ ಮೇಲೆ ತಹಶೀಲ್ದಾರರು ಸಹಿ ಹಾಕಬೇಕು. ಅದರ ನಡುವೆ ಇನ್ನೊಂದು ತೊಡಕು: ಸಾಫ್ಟ್‌ವೇರಿನ ಖಾತೆಯಲ್ಲಿ ಅಪ್ಪನ ಹೆಸರಿನ ಹಿಂದೆ ಮನೆತನದ ಹೆಸರಿತ್ತು, ಆಧಾರಿನಲ್ಲಿ ಬರೀ ಇನಿಶಿಯಲ್ಲು. ಇಬ್ಬರೂ ಒಬ್ಬರೇ ಎಂದು ದೃಢಪಡಿಸಲು, ನಮ್ಮ ಕಡೆ ಎಲ್ಲರೂ 'ವನ್ ಆ್ಯಂಡ್ ಸೇಮ್' ಎನ್ನುವ ಪ್ರಮಾಣಪತ್ರಕ್ಕೆ ಬೇರೆಯೇ ಅರ್ಜಿ. ಎಲ್ಲ ಸೇರಿ ನಾಲ್ಕು ತಿಂಗಳಾದವು. ಅಷ್ಟರಲ್ಲಿ ಕಂಪನಿಯಿಂದ ಎರಡು ಸಾಲಿನ ಪತ್ರ ಬಂತು: ಲೈಸೆನ್ಸ್ ವ್ಯಕ್ತಿಗೆ ನೀಡಿದ್ದು, ವರ್ಗಾಯಿಸಲು ಆಗದು, ಮರಣದ ಮಾಹಿತಿ ದೊರೆತ ಕಾರಣ ಖಾತೆಯನ್ನು ಮುಚ್ಚಲಾಗಿದೆ. ಖಾತೆಯ ಜತೆಗೆ ಕ್ಲೌಡಿನಲ್ಲಿದ್ದ ಕಡತಗಳೂ ಹೋದವು. ಅವುಗಳಲ್ಲಿ ಶಾಲೆಯೊಂದರ ಸ್ಮರಣಸಂಚಿಕೆಯ ನೂರ ಇಪ್ಪತ್ತು ಪುಟಗಳಿದ್ದವು. ಹಳೆಯ ವಿದ್ಯಾರ್ಥಿಗಳು ಕೈಯಲ್ಲಿ ಬರೆದುಕೊಟ್ಟದ್ದನ್ನು ಅಪ್ಪ ಆಸ್ಪತ್ರೆಗೆ ಸೇರುವ ಹಿಂದಿನ ವಾರದವರೆಗೂ ಕೂತು ಟೈಪು ಮಾಡಿದ್ದರು. ಆ ಪುಟಗಳು ಕಂಪನಿಯ ಸೊತ್ತಾಗಿರಲಿಲ್ಲ. ಉಪಕರಣವನ್ನು ವಾಪಸು ಪಡೆಯುವ ಅಧಿಕಾರ ಅವರಿಗಿದೆ ಎಂದೇ ಇಟ್ಟುಕೊಂಡರೂ, ಅದರಿಂದ ಮಾಡಿದ ಕೆಲಸವನ್ನು ಮನೆಯವರಿಗೆ ಕೊಟ್ಟು ಬಾಗಿಲು ಹಾಕಬೇಕಿತ್ತು. ಇದನ್ನು ನಾನು ಈಗಲೂ ಅನ್ಯಾಯವೆಂದೇ ಹೇಳುತ್ತೇನೆ.

ಕಾನೂನು ಏನು ಹೇಳುತ್ತದೆಂದು ಆಮೇಲೆ ಓದತೊಡಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿಲ್ಲದೆ ಅಪ್ಪ ತೀರಿಕೊಂಡರೆ ಅವರ ಆಸ್ತಿಗೆ ಅಮ್ಮ, ಅಕ್ಕ, ನಾನು ಮೂವರೂ ಸಮಾನ ವಾರಸುದಾರರು. ಅಜ್ಜಿ ಬದುಕಿದ್ದಿದ್ದರೆ ಅವರಿಗೂ ಪಾಲಿತ್ತು. ತೋಟಕ್ಕೆ, ಬ್ಯಾಂಕಿನ ಹಣಕ್ಕೆ ಇದು ಸರಿಯಾಗಿ ಅನ್ವಯಿಸುತ್ತದೆ. ಲೈಸೆನ್ಸ್ ಆಸ್ತಿಯೋ, ಬರೀ ಅನುಮತಿಯೋ ಎಂಬುದೇ ಪ್ರಶ್ನೆ. 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರಕಾರದ ನಡುವಿನ ಮೊಕದ್ದಮೆಯಲ್ಲಿ, ಡಬ್ಬಿಯಲ್ಲಿ ಮಾರುವ ಸಿದ್ಧ ಸಾಫ್ಟ್‌ವೇರು ಸರಕೇ ಆಗಿದೆ, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ತೀರ್ಪು ತೆರಿಗೆಯ ವಿಷಯದ್ದು, ವಾರಸಿನದ್ದಲ್ಲ. ಹಾಗಿದ್ದರೂ, ತೆರಿಗೆ ಹಾಕುವಾಗ ಸರಕಾಗಿದ್ದ ವಸ್ತು ಕೊಂಡವನು ಸತ್ತ ಕೂಡಲೇ ಸರಕಲ್ಲವೆಂದಾಗುವುದು ಹೇಗೆಂದು ನನ್ನ ಮನಸ್ಸಿಗೆ ಒಪ್ಪಿಗೆಯಾಗುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನನಗೆ ಧೈರ್ಯ ಕೊಟ್ಟ ಮಾತೊಂದಿದೆ. ಅದರ 52ನೇ ಕಲಮಿನಂತೆ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು, ಅದನ್ನು ಯಾವ ಉದ್ದೇಶಕ್ಕೆ ಒದಗಿಸಲಾಗಿತ್ತೋ ಆ ಉದ್ದೇಶಕ್ಕೆ ಬಳಸುವುದಕ್ಕಾಗಿ, ಅಥವಾ ನಷ್ಟವಾಗದಂತೆ ಕಾಪಾಡುವುದಕ್ಕಾಗಿ ಪ್ರತಿ ಮಾಡಿಕೊಂಡರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. 'ಕೊಂಡವರು' ಎಂದಿಲ್ಲ, 'ಹೊಂದಿರುವವರು' ಎಂದಿದೆ. ಅಪ್ಪನ ಸಿ.ಡಿ.ಯನ್ನೂ ಲಾಕನ್ನೂ ವಾರಸುದಾರರಾಗಿ ಪಡೆದ ನಾವು ಅದರ ಕಾನೂನುಬದ್ಧವಾಗಿ ಹೊಂದಿರುವವರೇ ಎಂಬುದು ನನ್ನ ತಿಳಿವಳಿಕೆ. ಕಾಸರಗೋಡಿನ ವಕೀಲರೊಬ್ಬರೂ ಇದನ್ನು ಸಮಂಜಸವಾದ ವಾದವೆಂದರು. ಅದೇ ಕಾಯ್ದೆಯ 30ನೇ ಕಲಮಿನ ವಿವರಣೆ, ಇನ್ನೂ ರಚನೆಯಾಗದ ಕೃತಿಗೆ ಲೈಸೆನ್ಸ್ ಪಡೆದವನು ಕೃತಿ ಹುಟ್ಟುವ ಮೊದಲೇ ತೀರಿಕೊಂಡರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಾಗ, ಅದರ ಪ್ರಯೋಜನ ಅವನ ವಾರಸುದಾರರಿಗೆ ಸಲ್ಲುತ್ತದೆ ಎನ್ನುತ್ತದೆ. ನಮ್ಮ ಪ್ರಸಂಗಕ್ಕೆ ಅದು ನೇರವಾಗಿ ತಾಗದು. ಲೈಸೆನ್ಸ್ ಪಡೆದವನ ಸಾವಿನ ಯೋಚನೆ ಕಾನೂನಿಗೆ ಬಂದಿತ್ತು ಎಂಬುದನ್ನಷ್ಟೇ ಅದು ತೋರಿಸುತ್ತದೆ. ಆದರೆ 'ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಾಗ' ಎಂಬಲ್ಲೇ ಎಲ್ಲವೂ ನಿಂತಿದೆ. ಚಂದಾ ಸಾಫ್ಟ್‌ವೇರಿನ ಕರಾರಿನಲ್ಲಿ ಬೇರೆ ಮಾತು ಇದ್ದೇ ಇತ್ತು. ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತಿದ್ದು ಅಪ್ಪನಲ್ಲ, ಅವರ ಪರವಾಗಿ ನಾನು.

ಇಂಥ ಸ್ಥಿತಿಯಲ್ಲಿರುವ ಮನೆಯವರಿಗೆ ನಾನು ಹೇಳುವುದು ಇಷ್ಟು. ತೀರಿಕೊಂಡವರ ಮೊಬೈಲ್ ನಂಬರನ್ನು ಬಿಟ್ಟುಬಿಡಬೇಡಿ. ಬಳಕೆಯಿಲ್ಲದೆ ಮೂರು ತಿಂಗಳು ಬಿದ್ದರೆ ನಂಬರು ಕಡಿದುಹೋಗಬಹುದು, ಮುಂದೆ ಬೇರೆಯವರ ಪಾಲಾಗಬಹುದು, ಓಟಿಪಿಗಳೂ ಆ ಕಡೆಗೇ ಹೋಗುತ್ತವೆ. ನಾವು ಅಪ್ಪನ ನಂಬರನ್ನು ದಾಖಲೆ ಕೊಟ್ಟು ಅಮ್ಮನ ಹೆಸರಿಗೆ ಮಾಡಿಸಿಕೊಂಡೆವು. ಕಂಪನಿಗೆ ಬರೆಯುವಾಗ ಮೊದಲ ಪತ್ರದಲ್ಲೇ, ಖಾತೆ ಮುಚ್ಚುವ ಮುಂಚೆ ಕಡತಗಳನ್ನು ಕೊಡಬೇಕೆಂದು ಲಿಖಿತವಾಗಿ ಕೇಳಿ. ಬದುಕಿರುವವರಿಗೆ ಇದಕ್ಕಿಂತ ಸುಲಭದ ದಾರಿಗಳಿವೆ. ಗೂಗಲ್ ಖಾತೆ ಇಷ್ಟು ತಿಂಗಳು ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಎಂದು ಮೊದಲೇ ನಮೂದಿಸುವ ವ್ಯವಸ್ಥೆ 2013ರಿಂದ ಇದೆ. ಆ್ಯಪಲ್ ಕೂಡ 2021ರ ಕೊನೆಗೆ ಅಂಥದ್ದನ್ನು ತಂದಿತು. ಉಯಿಲು ಬರೆಯುವವರು ಸಾಫ್ಟ್‌ವೇರುಗಳನ್ನೂ ಅದರಲ್ಲಿ ಹೆಸರಿಸಬೇಕು. ಅದು ಕಾಗದದ ಮೇಲೆಯೇ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಇರಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಉಯಿಲನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ ಇಮೇಲಿನಲ್ಲಿ ಬರೆದಿಟ್ಟದ್ದು ಉಯಿಲಾಗುವುದಿಲ್ಲ. ಪಾಸ್‌ವರ್ಡುಗಳು ಮಾತ್ರ ಉಯಿಲಿನಲ್ಲಿ ಬೇಡ, ಅದನ್ನು ಹಲವರು ಓದುತ್ತಾರೆ.

ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆಯಾಗಿರುವ ಅಕ್ಕ ಇದನ್ನೆಲ್ಲ ಕೇಳಿ, "ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್, ಅಲ್ಲಿ ಯಾರು ಸತ್ತರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ" ಎಂದಳು. ಅವಳ ಮಾತು ನಿಜ. ಲಿನಕ್ಸಿನಂಥ ಸ್ವತಂತ್ರ ತಂತ್ರಾಂಶದ ಲೈಸೆನ್ಸ್ ಪ್ರತಿಯ ಜತೆಗೇ ಬರುತ್ತದೆ, ಪಡೆದವರಿಗೆಲ್ಲ ಅದೇ ಹಕ್ಕು. ಹಾಗಾಗಿ ಹೊಸ ಕೆಲಸಗಳನ್ನು ಈಗ ಅಂಥದ್ದೇ ಪುಟವಿನ್ಯಾಸದ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಕ್ಷರಗಳಲ್ಲಿ ಮಾಡುತ್ತಿದ್ದೇನೆ. ಅಪ್ಪನ ಹಳೆಯ ಕಡತಗಳನ್ನು ಲಾಕು ಬದುಕಿರುವಷ್ಟರಲ್ಲೇ ಒಂದೊಂದಾಗಿ ತೆರೆದು ಯೂನಿಕೋಡಿಗೆ ಬದಲಿಸುತ್ತಿದ್ದೇನೆ. ಪರಿವರ್ತಕದಲ್ಲಿ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಸರಿದುಬಿಡುತ್ತವೆ, ಅವನ್ನು ಕಣ್ಣಿಟ್ಟು ತಿದ್ದಬೇಕು. ದಿನಕ್ಕೆ ಹತ್ತು ಕಡತಗಳಾದರೆ ಹೆಚ್ಚು.

ಅಂಗಡಿಯೂ ಅಪ್ಪನೊಬ್ಬರದ್ದೇ ಆಗಿತ್ತು. ಫಲಕದಲ್ಲಿದ್ದ ಹೆಸರಿಗೆ ಕಾನೂನಿನ ಮುಂದೆ ಬೇರೆ ಬದುಕಿರಲಿಲ್ಲ, ಅವರೊಂದಿಗೇ ಜಿ.ಎಸ್.ಟಿ. ನೋಂದಣಿಯೂ ಮುಗಿಯಿತು. ಈ ಸಲ ಅಮ್ಮ, ಅಕ್ಕ, ನಾನು ಸೇರಿ ಪಾಲುದಾರಿಕೆಯ ಪತ್ರ ಮಾಡಿಸಿದ್ದೇವೆ. ಒಬ್ಬ ಪಾಲುದಾರರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುವುದು 1932ರ ಪಾಲುದಾರಿಕೆ ಕಾಯ್ದೆಯ ಸಾಮಾನ್ಯ ನಿಯಮವಾದ್ದರಿಂದ, ಉಳಿದವರು ಮುಂದುವರಿಸುತ್ತಾರೆ ಎಂಬ ಷರತ್ತನ್ನು ವಕೀಲರು ಬೇರೆಯಾಗಿ ಸೇರಿಸಿದರು. ಇನ್ನು ಕೊಳ್ಳುವ ಸಾಫ್ಟ್‌ವೇರು, ಇಮೇಲ್, ನಂಬರು ಎಲ್ಲವೂ ಸಂಸ್ಥೆಯ ಹೆಸರಿನಲ್ಲಿ.

ಸ್ಮರಣಸಂಚಿಕೆಯ ಪುಟಗಳಲ್ಲಿ ಎಂಬತ್ತೊಂದರ ಕರಡು ಪ್ರತಿ, ಅಪ್ಪ ಕೆಂಪು ಪೆನ್ನಿನಲ್ಲಿ ತಿದ್ದಿಟ್ಟದ್ದು, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಉಳಿದ ಮೂವತ್ತೊಂಬತ್ತು ಪುಟಗಳಿಗೆ, ಬರೆದವರ ಮನೆಗಳಿಗೆ ಅಮ್ಮ ಒಂದೊಂದಾಗಿ ಫೋನು ಮಾಡುತ್ತಿದ್ದಾರೆ. ನೀರ್ಚಾಲಿನ ಒಬ್ಬರು ಹಸ್ತಪ್ರತಿಯ ಝೆರಾಕ್ಸನ್ನು ಇಟ್ಟುಕೊಂಡಿದ್ದರಂತೆ. ಭಾನುವಾರ ಹೋಗಿ ತರಬೇಕು.