ಕುದುರೆಗೆ ಅಂಟು ಹಾಕಿದವರು

"ಯಾರು ಸಾರ್ ಇದನ್ನ ಅಂಟಿಸಿದ್ದು?"

ಶನಿವಾರದಿಂದ ಈ ಪ್ರಶ್ನೆ ಕಿವಿಯಲ್ಲೇ ಇದೆ. ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರು ನನ್ನ ಮ್ಯಾಂಡೊಲಿನ್ ಹಿಡಿದು, ಕನ್ನಡಕ ಹಣೆಗೇರಿಸಿ ಕೇಳಿದ್ದರು. ನಾನು ಯೋಚನೆ ಕೂಡ ಮಾಡದೆ ಹೇಳಿಬಿಟ್ಟೆ: "ಕಿಟ್ ಬಂದಿದ್ದೇ ಹಾಗೆ."

ಅಪ್ಪಟ ಸುಳ್ಳು.

ಬಿಡಿಭಾಗಗಳ ಕಿಟ್ ತರಿಸಿ, ಮೂರು ತಿಂಗಳು ಬಾಲ್ಕನಿಯಲ್ಲಿ ಕೂತು ಮ್ಯಾಂಡೊಲಿನ್ ಜೋಡಿಸಿದ್ದೆ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಪದರ ಪದರವಾಗಿ ತಿಕ್ಕಿದ್ದೆ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ. "ಶ್ರೀನಿವಾಸ್ ತರಹ ನುಡಿಸ್ತೀಯೇನೋ?" ಅಂತ ಭಾವ ರೇಗಿಸಿದರು. ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ಅವರದು 5 ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್, ನನ್ನದಕ್ಕೆ 8 ತಂತಿ, ಎರಡೆರಡು ಒಂದೇ ಸ್ವರಕ್ಕೆ ಅಂತ ಶುರು ಮಾಡಿದೆ. ಭಾವ ಟೀವಿ ಹಾಕಿದರು. ಅವರು ಯಾವತ್ತೂ ಹಾಗೇ.

ಕೊನೆಗೆ ಉಳಿದದ್ದು ತಂತಿಗಳನ್ನು ಹೊರುವ ಸಣ್ಣ ಮರದ ತುಂಡು. ವೀಣೆಯಲ್ಲಿ ಕುದುರೆ ಅಂತಾರಲ್ಲ, ಅದೇ. ಇಟ್ಟಲ್ಲಿ ನಿಲ್ಲದೆ ಜಾರುತ್ತಿತ್ತು. ಅಳತೆ ಹಿಡಿದು, ಅಡಿಯ ಪಾಲಿಶ್ ಕೆರೆದು, ಬಿಳಿ ಅಂಟು ಹಾಕಿ, ರಾತ್ರಿಯಿಡೀ ಮೇಲೆ ನಿಘಂಟು ಹೇರಿಟ್ಟೆ. ತಂತಿ ಕಟ್ಟಿ, ಎಲ್ಲೂ ಒತ್ತದೆ ಮೀಟಿದರೆ ಚೆಂದ. ತಂತಿಯಡಿಯ ಅಡ್ಡಪಟ್ಟಿಗಳಲ್ಲಿ, ಅಂದರೆ ಮೆಟ್ಟುಗಳಲ್ಲಿ, 12ನೆಯದರಲ್ಲಿ ಒತ್ತಿದರೆ ಅಪಸ್ವರ, ಕಿವಿ ಮುಚ್ಚಿಕೊಳ್ಳಬೇಕು.

ಹಿರಿಯರು ವಾದ ಮಾಡಲಿಲ್ಲ. ತಂತಿ ಬಿಚ್ಚಿದರು. ತೆಳು ಚಾಕು ಬಿಸಿ ಮಾಡಿ ಕುದುರೆಯಡಿ ತೂರಿಸಿದರು. ಕಾದರು. ಮತ್ತೆ ಬಿಸಿ. ನಾಲ್ಕನೇ ಸಲ ಚರ್ ಅಂತ ಎದ್ದು ಬಂತು, ಜೊತೆಗೆ ಬೆರಳಗಲ ಪಾಲಿಶ್ ಕೂಡ. ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಒಂದಿಷ್ಟು ಏರುತ್ತೆ, ಅದಕ್ಕೇ ಕುದುರೆ ಲೆಕ್ಕದ ಅಳತೆಗಿಂತ ತುಸು ಹಿಂದೆ ಕೂರಬೇಕು ಅಂದರು. ಅದನ್ನು ಹಿಡಿದಿಡೋದು ತಂತಿಯ ಒತ್ತಡ ಮಾತ್ರ. ತಂತಿ ಕಟ್ಟಿ, ಬೆರಳಿನಿಂದ ಕೂದಲೆಳೆಯಷ್ಟು ತಳ್ಳಿ, ಕಿವಿಯಿಟ್ಟು, ಮತ್ತೆ ತಳ್ಳಿದರು. ಸರಿಹೋಯ್ತು.

ವಾಪಸ್ ಕೊಡುವಾಗ ನನ್ನ ಮುಖ ನೋಡಲಿಲ್ಲ. "ಕಿಟ್‌ನವರಿಗೆ ಹೇಳಿಬಿಡಿ ಸಾರ್, ಕುದುರೆಗೆ ಅಂಟು ಹಾಕಬಾರದು ಅಂತ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬರೀ ಮ್ಯಾಂಡೊಲಿನ್ ಅಲ್ಲ. ಆಫೀಸಿನಲ್ಲಿ ಲೆಕ್ಕ ತಪ್ಪಿದರೆ ಶೀಟ್ "ಬಂದಿದ್ದೇ ಹಾಗೆ". ಚಿಕ್ಕವನಿದ್ದಾಗ ಅಪ್ಪನ ಗಡಿಯಾರ "ನಿಂತಿದ್ದೇ ಹಾಗೆ". ಮುನ್ನೂರು ರೂಪಾಯಿ ತಗೊಂಡು ಸುಮ್ನೆ ಕೆಲಸ ಮಾಡಿಕೊಟ್ಟ ಮನುಷ್ಯನಿಗೆ ಯಾಕೆ ಸುಳ್ಳು ಹೇಳಬೇಕಿತ್ತು? ಅವರೇನು ಬೈಯುವವರಾ?

ನಿನ್ನೆ ಭಾವ ಬಂದಿದ್ದರು. ಕುದುರೆಯ ಪಕ್ಕದ ಬೋಳು ಜಾಗ ನೋಡಿ, "ಇಲ್ಲೇನಾಯ್ತೋ?" ಅಂದರು.

"ನಾನೇ ಅಂಟು ಹಾಕಿ ಕೆಡಿಸಿದೆ ಭಾವ."

ಭಾವ ಟೀವಿ ಹಾಕಿದರು.